ಹಳೆ ಪಿಕಪ್‌ನ ಕ್ಯಾಬಿನ್ ಅಡಿ ತುಕ್ಕು ಹಿಡಿದರೆ ಪುಟ್ಟಿ-ಪೇಂಟ್ ಸಾಕೇ?

"ತುಕ್ಕು ಬರೀ ಮೇಲಿಂದ. ಒಂದು ಕೈ ಪುಟ್ಟಿ ಹಾಕಿ ಪೇಂಟ್ ಹೊಡೆಸಿದರೆ ಗಾಡಿ ಇನ್ನೂ ಎರಡು ವರ್ಷ ಓಡುತ್ತದೆ." ಹಳೆ ಪಿಕಪ್ ಇಟ್ಟುಕೊಂಡವರು, ಅದರಲ್ಲೂ ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬಂದರುಗಳಿಂದ ಮೀನು ಸಾಗಿಸುವವರು, ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಬಾಗಿಲು, ಬಾನೆಟ್‌ನಂಥ ಭಾಗಗಳ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅಲ್ಲಿ ತೂತು ಬಿದ್ದರೆ ಹೆಚ್ಚಾಗಿ ಕೆಡುವುದು ಗಾಡಿಯ ಅಂದ. ಆದರೆ ಇಡೀ ಕ್ಯಾಬಿನ್ ಚಾಸಿಯ ಮೇಲೆ ಕೂತಿರುವ ಆಧಾರಗಳಿಗೆ ತುಕ್ಕು ಹಿಡಿದರೆ ಕಥೆಯೇ ಬೇರೆ. ಅಲ್ಲಿ ಪುಟ್ಟಿ ಹಚ್ಚುವುದೆಂದರೆ ಗೆದ್ದಲು ತಿಂದ ಕಂಬಕ್ಕೆ ಸುಣ್ಣ ಬಳಿದಂತೆ.

ಈ ಆಧಾರಗಳು ಏನು ಮಾಡುತ್ತವೆ, ಏಕೆ ತುಕ್ಕು ಹಿಡಿಯುತ್ತವೆ, ಯಾವ ರಿಪೇರಿ ನಿಜವಾದದ್ದು, ಯಾವುದು ಬರೀ ಕಣ್ಕಟ್ಟು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ತುಕ್ಕು ತಿಂದ ಲೋಹವನ್ನು ಯಾವ ಪುಟ್ಟಿ, ಪೇಂಟ್, ರಾಸಾಯನಿಕವೂ ವಾಪಸ್ ತರುವುದಿಲ್ಲ. ಕ್ಯಾಬಿನ್‌ನ ಆಧಾರಗಳಲ್ಲಿ ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ಆಕಾರದ, ಅದೇ ದಪ್ಪದ ಹೊಸ ತುಂಡನ್ನು ವೆಲ್ಡ್ ಮಾಡಿ, ಒಳಗಿನಿಂದಲೂ ರಕ್ಷಣೆ ಕೊಡುವುದೊಂದೇ ಸರಿಯಾದ ರಿಪೇರಿ. ತುಕ್ಕು ಚಾಸಿಗೇ ಇಳಿದಿದ್ದರೆ ರಿಪೇರಿ ಮಾಡಬೇಕೋ ಬೇಡವೋ ಎಂಬುದೇ ಮೊದಲ ಪ್ರಶ್ನೆ.

ಕ್ಯಾಬಿನ್ ಯಾವುದರ ಮೇಲೆ ನಿಂತಿರುತ್ತದೆ?

ಇಂದಿನ ಹೆಚ್ಚಿನ ಕಾರುಗಳಲ್ಲಿ ಬಾಡಿ ಮತ್ತು ಚಾಸಿ ಬೇರೆ ಬೇರೆ ಇರುವುದಿಲ್ಲ. ಆದರೆ ಬೊಲೆರೊ ಪಿಕಪ್, ಟಾಟಾ 207ರಂಥ ಗಾಡಿಗಳಲ್ಲಿ ಕೆಳಗೆ ಏಣಿಯ ಆಕಾರದ ಚಾಸಿ ಇರುತ್ತದೆ. ಎಂಜಿನ್, ಚಕ್ರ, ಲೋಡ್ ಎಲ್ಲದರ ಭಾರವನ್ನು ಹೊರುವುದು ಅದು. ಕ್ಯಾಬಿನ್ ಬೇರೆಯೇ ಪೆಟ್ಟಿಗೆ. ಅದನ್ನು ಚಾಸಿಯ ಮೇಲೆ ಕೆಲವೇ ಜಾಗಗಳಲ್ಲಿ, ನಡುವೆ ದಪ್ಪ ರಬ್ಬರ್ ಬುಶ್ ಇಟ್ಟು, ಉದ್ದನೆಯ ಬೋಲ್ಟ್‌ಗಳಿಂದ ಬಿಗಿದಿರುತ್ತಾರೆ.

ಹೀಗೆ ಬಿಗಿಯುವ ಜಾಗದಲ್ಲಿ ಮೂರು ಭಾಗಗಳಿವೆ. ಕೆಳಗೆ ಚಾಸಿಗೆ ಸೇರಿದ ಬ್ರಾಕೆಟ್, ನಡುವೆ ರಬ್ಬರ್ ಬುಶ್, ಮೇಲೆ ಕ್ಯಾಬಿನ್ ನೆಲದ ಅಡಿಯಲ್ಲಿ ಬೆಸೆದಿರುವ ತಗಡಿನ ಆಧಾರ. ಈ ಮೇಲಿನ ಆಧಾರ ಸಾಮಾನ್ಯವಾಗಿ ಒಂದೇ ಹಾಳೆಯಲ್ಲ. ಎರಡು ಮೂರು ಪದರ ತಗಡನ್ನು ಮಡಚಿ ಪೆಟ್ಟಿಗೆಯಂತೆ ಮಾಡಿರುತ್ತಾರೆ. ಬಾಗಿಲ ಕೆಳಗಿನ ಹೊಸ್ತಿಲೂ ಅಂಥದ್ದೇ ಟೊಳ್ಳು ಪೆಟ್ಟಿಗೆ.

ತಗಡು ತೆಳ್ಳಗಿದ್ದರೂ ಪೆಟ್ಟಿಗೆಯ ಆಕಾರದಿಂದ ಅದಕ್ಕೆ ಬಲ ಬರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಉದ್ದನೆಯ ಊದುಬತ್ತಿ ಪೆಟ್ಟಿಗೆಯ ಎರಡೂ ತುದಿ ಹಿಡಿದು ತಿರುಚಿ ನೋಡಿ, ಸುಲಭಕ್ಕೆ ತಿರುಗುವುದಿಲ್ಲ. ಈಗ ಅದರ ಒಂದು ಅಂಚನ್ನು ಉದ್ದಕ್ಕೂ ಬ್ಲೇಡಿನಿಂದ ಸೀಳಿ ಮತ್ತೆ ತಿರುಚಿ. ರಟ್ಟು ಒಂದಿಷ್ಟೂ ಕಡಿಮೆಯಾಗಿಲ್ಲ, ಆದರೂ ಪೆಟ್ಟಿಗೆ ಸಲೀಸಾಗಿ ತಿರುಚಿಕೊಳ್ಳುತ್ತದೆ. ಆಧಾರದ ಒಂದು ಬದಿಯ ಬೆಸುಗೆಯನ್ನು ತುಕ್ಕು ತಿಂದಾಗ ಆಗುವುದೂ ಇದೇ. "ಇನ್ನೂ ಮುಕ್ಕಾಲು ಪಾಲು ಲೋಹ ಉಳಿದಿದೆಯಲ್ಲ" ಎನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ದಪ್ಪದ ಲೆಕ್ಕವೂ ಹೀಗೇ ಮೋಸ ಮಾಡುತ್ತದೆ. ಚಪ್ಪಟೆ ತಗಡು ಬಾಗದಂತೆ ತಡೆಯುವ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ಅರ್ಧಕ್ಕೆ ಇಳಿದರೆ ಬಿಗುವು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ.

ತುಕ್ಕು ಅಲ್ಲೇ ಏಕೆ?

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಉಪ್ಪು ಸೇರಿದರೆ ಕೆಲಸ ಬೇಗ ಆಗುತ್ತದೆ. ತುಕ್ಕು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಕ್ರಿಯೆ ಚುರುಕಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ಮೇಲಿನ ರಕ್ಷಕ ಪದರವನ್ನೂ ಒಡೆಯುತ್ತದೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೀನಿನ ಕ್ರೇಟುಗಳಲ್ಲಿ ಕರಗುವ ಮಂಜುಗಡ್ಡೆಯ ನೀರು ಈ ಉಪ್ಪನ್ನು ತೊಳೆದುಕೊಂಡು ಕೆಳಗೆ ಹರಿಯುತ್ತದೆ. ಬಂದರಿನ ನೆಲದಲ್ಲಿ ನಿಂತ ನೀರನ್ನು ಚಕ್ರಗಳು ಕ್ಯಾಬಿನ್ ಅಡಿಗೆ ಸಿಡಿಸುತ್ತವೆ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅದಕ್ಕಿಂತ ಬಹಳ ಕಡಿಮೆ ತೇವ ಸಾಕು. ಅಂದರೆ ಕರಾವಳಿಯಲ್ಲಿ ಮಳೆ ಬಾರದ ದಿನವೂ, ಶೆಡ್ಡಿನಲ್ಲಿ ನಿಂತ ಗಾಡಿಯ ಅಡಿಯೂ ಒದ್ದೆಯೇ.

ಕ್ಯಾಬಿನ್ ಆಧಾರಗಳಿಗೆ ಇನ್ನೂ ಎರಡು ತೊಂದರೆಗಳಿವೆ. ಒಂದು, ಮಣ್ಣು. ಆಧಾರದ ಮೇಲ್ಭಾಗದಲ್ಲಿ, ಬ್ರಾಕೆಟ್‌ನ ಸಂದಿಯಲ್ಲಿ ಕೂತ ಕೆಸರು ಒದ್ದೆ ಬಟ್ಟೆಯಂತೆ ನೀರನ್ನು ಹಿಡಿದಿಡುತ್ತದೆ. ಪೆಟ್ಟಿಗೆಯೊಳಗಿನ ನೀರು ಹೊರಹೋಗಲು ಕಂಪನಿಯವರು ಬಿಟ್ಟಿರುವ ಸಣ್ಣ ತೂತುಗಳು ಅದೇ ಕೆಸರಿನಿಂದ ಮುಚ್ಚಿಹೋಗುತ್ತವೆ. ಎರಡು, ಸಂದಿ. ಎರಡು ತಗಡು ಒಂದರ ಮೇಲೊಂದು ಕೂತ ಕಡೆ ನೀರು ನುಗ್ಗಿದರೆ ಆಳದಲ್ಲಿ ಆಮ್ಲಜನಕ ಕಡಿಮೆ, ಬಾಯಿಯ ಹತ್ತಿರ ಹೆಚ್ಚು. ಈ ವ್ಯತ್ಯಾಸದಿಂದಲೇ ಆಳದ ಲೋಹ ಬೇಗ ಕರಗುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಪದರಗಳನ್ನು ದೂಡಿ ಬೆಸುಗೆಯನ್ನೇ ಬಿಡಿಸುತ್ತದೆ. ಹೊರಗೆ ಪೇಂಟ್ ಗುಳ್ಳೆ ಎದ್ದಿದೆ ಎಂದರೆ ಹಲವು ಸಲ ತುಕ್ಕು ಒಳಗಿನಿಂದ ಹೊರಗೆ ಬಂದಿದೆ ಎಂದರ್ಥ.

ಇದು ನಮ್ಮ ಕರಾವಳಿಯ ಸಮಸ್ಯೆ ಮಾತ್ರವಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದ ರಾಜ್ಯಗಳಲ್ಲಿ ಪಿಕಪ್‌ಗಳು ಹೀಗೆಯೇ ಕೊಳೆಯುತ್ತವೆ. ಚಾಸಿಗೆ ಸಾಕಷ್ಟು ತುಕ್ಕುರಕ್ಷಣೆ ಇರಲಿಲ್ಲ ಎಂಬ ಆರೋಪದ ದಾವೆಯೊಂದನ್ನು ಟೊಯೊಟಾ ಕಂಪನಿ ಅಲ್ಲಿ 2016ರಲ್ಲಿ ರಾಜಿ ಮಾಡಿಕೊಂಡಿತು. ಅದರ ವ್ಯಾಪ್ತಿಗೆ ಬಂದದ್ದು ಸುಮಾರು 15 ಲಕ್ಷ ಗಾಡಿಗಳು.

ಆಧಾರ ಕೊಳೆತರೆ ಅಪಾಯ ಏನು?

ಮೊದಲನೆಯದು, ಸ್ಟೀರಿಂಗ್. ಸ್ಟೀರಿಂಗ್ ಚಕ್ರ ಇರುವುದು ಕ್ಯಾಬಿನ್‌ನಲ್ಲಿ, ಅದರ ಗೇರ್‌ಬಾಕ್ಸ್ ಇರುವುದು ಚಾಸಿಯ ಮೇಲೆ. ಕ್ಯಾಬಿನ್ ಒಂದು ಕಡೆ ಕುಸಿದರೆ ನಡುವಿನ ಶಾಫ್ಟ್‌ನ ಕೋನ ಬದಲಾಗುತ್ತದೆ, ಜಾಯಿಂಟ್ ಬಿಗಿಯಾಗುತ್ತದೆ. ಕ್ಲಚ್, ಬ್ರೇಕ್ ಪೆಡಲ್‌ಗಳು ಕೂತಿರುವುದೂ ಅದೇ ಕ್ಯಾಬಿನ್‌ನಲ್ಲಿ.

ಎರಡನೆಯದು, ಅಪಘಾತದ ಹೊತ್ತು. ಶಿರಾಡಿ ಘಾಟಿಯ ತಿರುವಿನಲ್ಲಿ ಲೋಡ್ ತುಂಬಿದ ಗಾಡಿ ಏನಾದರೂ ಗುದ್ದಿದರೆ ಚಾಸಿ ನಿಂತುಬಿಡುತ್ತದೆ, ಕ್ಯಾಬಿನ್ ಮುಂದಕ್ಕೆ ನುಗ್ಗಲು ನೋಡುತ್ತದೆ. ಅದನ್ನು ಹಿಡಿದಿಡಬೇಕಾದದ್ದು ಈ ಆಧಾರಗಳೇ. ಸೀಟನ್ನು, ಸೀಟ್ ಬೆಲ್ಟಿನ ಬುಡವನ್ನು ಬಿಗಿದ ನೆಲ ಮತ್ತು ಕಂಬಗಳೂ ಇವುಗಳ ಪಕ್ಕದಲ್ಲೇ ಇವೆ. ಆಧಾರದವರೆಗೆ ಬಂದ ತುಕ್ಕು ಅಲ್ಲಿಗೂ ತಲುಪಿರಬಹುದು. ಆಗ ಡ್ರೈವರ್ ಬೆಲ್ಟ್ ಹಾಕಿಕೊಂಡಿದ್ದರೂ ಬೆಲ್ಟಿನ ಬುಡವೇ ಕಿತ್ತುಬರುವ ಅಪಾಯವಿದೆ.

ನೀವೇ ನೋಡಿ ತಿಳಿಯುವುದು ಹೇಗೆ?

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಕ್ಯಾಬಿನ್ ಮತ್ತು ಲೋಡ್ ಬಾಡಿಯ ನಡುವಿನ ಸಂದು ಮೇಲೆ-ಕೆಳಗೆ, ಎಡ-ಬಲ ಒಂದೇ ಸಮ ಇರಬೇಕು. ಬಾಗಿಲ ಸುತ್ತಲಿನ ಸಂದನ್ನೂ ನೋಡಿ. ಬಾಗಿಲು ಎತ್ತಿ ಹಾಕಿದರೆ ಮಾತ್ರ ಮುಚ್ಚುತ್ತಿದ್ದರೆ, ಅದನ್ನು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಕೀಲಿನಲ್ಲಿ ಆಟ ಕಂಡರೆ ಸವೆದಿರುವುದು ಕೀಲು. ಕೀಲು ಬಿಗಿಯಾಗಿದ್ದೂ ಬಾಗಿಲು ಕೂರುತ್ತಿಲ್ಲವಾದರೆ ಆಧಾರವನ್ನು ಅನುಮಾನಿಸಬೇಕು. ಹಂಪ್ ದಾಟುವಾಗ ಕಾಲಡಿಯಲ್ಲಿ 'ಧಡ್' ಎಂಬ ಸದ್ದು ಬರುವುದು ಇನ್ನೊಂದು ಸುಳಿವು. ಅದು ಬರೀ ಬುಶ್ ಸವೆದದ್ದೂ ಇರಬಹುದು.

ಒಳಗಿನ ಮ್ಯಾಟ್ ಎತ್ತಿ ನೆಲ ನೋಡಿ. ಕೆಳಗೆ ಆಧಾರದ ಮೇಲಿನ ಕೆಸರು ತೊಳೆದು, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ತಗಡು 'ಟಣ್' ಎನ್ನುತ್ತದೆ, ಕೊಳೆತದ್ದು 'ದಪ್' ಎನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್‌ನಿಂದ ಒತ್ತಿ. ಅದು ಒಳಗೆ ಹೋದರೆ, ಅಥವಾ ಹಪ್ಪಳದಂತೆ ಪದರಪದರವಾಗಿ ಚಕ್ಕೆ ಎದ್ದರೆ ಉತ್ತರ ಸಿಕ್ಕಿತು ಎಂದುಕೊಳ್ಳಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಯಾವತ್ತೂ ಹೋಗಬೇಡಿ. ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟಿರಬೇಕು, ಇಲ್ಲವೇ ಗ್ಯಾರೇಜಿನ ಲಿಫ್ಟ್ ಇರಬೇಕು.

"ಎಫ್‌ಸಿ ಆಗಿದೆಯಲ್ಲ" ಎಂದು ಸುಮ್ಮನಾಗುವವರೂ ಇದ್ದಾರೆ. ಸಾರಿಗೆ ವಾಹನಗಳಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅದು ಅಗತ್ಯವಾದ ಪರೀಕ್ಷೆ. ಆದರೆ ಪೆಟ್ಟಿಗೆಯ ಒಳಮೈಯನ್ನು ಬಿಚ್ಚಿ ನೋಡುವ ಪರೀಕ್ಷೆ ಅದಲ್ಲ. ಎಫ್‌ಸಿಗೆ ಮುಂಚೆ ಹೊಡೆಸಿದ ಹೊಸ ಪೇಂಟ್ ಒಳಗಿನ ತುಕ್ಕನ್ನು ಮುಚ್ಚಿಯೂ ಇರಬಹುದು.

ನಾಲ್ಕು ತಪ್ಪು ನಂಬಿಕೆಗಳು

ಪುಟ್ಟಿ ತುಂಬಿದರೆ ಗಟ್ಟಿಯಾಗುತ್ತದೆ: ಪುಟ್ಟಿ ಇರುವುದು ಮೇಲ್ಮೈಯ ತಗ್ಗು ಸಮ ಮಾಡಲು. ಭಾರ ಹೊರಲು ಅಲ್ಲ. ಕೊಳೆತ ತಗಡಿನ ಮೇಲೆ ಅದು ಬಿರುಕು ಬಿಟ್ಟು, ಆ ಬಿರುಕಿನಲ್ಲೇ ನೀರು ಸೇರುತ್ತದೆ.

ರಸ್ಟ್ ಕನ್ವರ್ಟರ್ ಹಚ್ಚಿದರೆ ತುಕ್ಕು ಮತ್ತೆ ಕಬ್ಬಿಣವಾಗುತ್ತದೆ: ಇಲ್ಲ. ಇವುಗಳಲ್ಲಿರುವ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ತುಕ್ಕನ್ನು ಹೆಚ್ಚು ಸ್ಥಿರವಾದ ಕಪ್ಪು ಪದರವಾಗಿ ಬದಲಿಸುತ್ತದೆ. ಮೇಲ್ಮೈ ತುಕ್ಕಿಗೆ, ಪೇಂಟ್‌ಗೆ ಮುಂಚೆ, ಇದು ಒಳ್ಳೆಯದೇ. ಹೋದ ದಪ್ಪ ಮಾತ್ರ ವಾಪಸ್ ಬಾರದು.

ಸುಟ್ಟ ಎಂಜಿನ್ ಆಯಿಲ್ ಬಳಿದರೆ ತುಕ್ಕು ಬರುವುದಿಲ್ಲ: ಎಣ್ಣೆ ಸ್ವಲ್ಪ ದಿನ ನೀರು ತಡೆಯುತ್ತದೆ ನಿಜ. ಆದರೆ ಅದು ತೊಳೆದುಹೋಗುತ್ತದೆ, ಧೂಳು ಹಿಡಿಯುತ್ತದೆ, ಮಣ್ಣು-ನೀರಿಗೆ ಸೇರುತ್ತದೆ. ಬಳಸಿದ ಆಯಿಲ್‌ನಲ್ಲಿರುವ ರಾಸಾಯನಿಕಗಳು ಚರ್ಮಕ್ಕೆ ಪದೇ ಪದೇ ತಾಗುವುದೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಕ್ಯಾಬಿನ್ ಬುಶ್‌ಗಳೇ ಹಾಳಾಗಬಹುದು.

ಮೇಲೊಂದು ದಪ್ಪ ಪ್ಲೇಟ್ ಹೊಡೆಸಿದರೆ ಆಯಿತು: ಹೆಚ್ಚು ಜನ ಮೋಸ ಹೋಗುವುದು ಇಲ್ಲೇ, ಏಕೆಂದರೆ ಇದು ಗಟ್ಟಿಯಾಗಿಯೇ ಕಾಣುತ್ತದೆ. ತುಕ್ಕಿನ ಮೇಲೆ ಪ್ಲೇಟ್ ಕೂರಿಸಿದರೆ ಒಳಗೆ ಹೊಸದೊಂದು ಸಂದಿ ಹುಟ್ಟುತ್ತದೆ, ತುಕ್ಕು ಅಲ್ಲಿ ನಿರಾತಂಕವಾಗಿ ಮುಂದುವರಿಯುತ್ತದೆ. ಪ್ಲೇಟ್ ಎಷ್ಟೇ ದಪ್ಪವಿರಲಿ, ಅದನ್ನು ಬೆಸೆದಿರುವುದು ಸವೆದ ತಗಡಿಗೆ. ಕೊನೆಗೆ ಬೆಸುಗೆಯ ಅಂಚಿನಲ್ಲೇ ತಗಡು ಸೀಳುತ್ತದೆ. ತುಕ್ಕಿನ ಮೇಲೆಯೇ ದಪ್ಪ ಅಂಡರ್‌ಕೋಟಿಂಗ್ ಹೊಡೆಸಿದರೂ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಸರಿಯಾದ ರಿಪೇರಿ ಹೇಗಿರುತ್ತದೆ?

ಇದು ಪಳಗಿದ ಟಿಂಕರಿಂಗ್ ಕೆಲಸ. ನೀವೇ ಮಾಡದಿದ್ದರೂ ಹಂತಗಳು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಏನು ಕೇಳಬೇಕು ಎಂಬುದು ತಿಳಿಯುತ್ತದೆ.

1. ಸಿದ್ಧತೆ. ಬ್ಯಾಟರಿ ಕನೆಕ್ಷನ್ ತೆಗೆಯಬೇಕು. ಸೀಟು, ಮ್ಯಾಟ್, ವೈರಿಂಗ್ ಸರಿಸಬೇಕು. ಡೀಸೆಲ್ ಮತ್ತು ಬ್ರೇಕ್ ಪೈಪುಗಳನ್ನು ಬಿಸಿ, ಕಿಡಿ ತಾಗದಂತೆ ದೂರ ಮಾಡಬೇಕು. ಬೆಂಕಿ ಆರಿಸುವ ಸಾಧನ ಕೈಗೆ ಸಿಗುವಂತಿರಬೇಕು.

2. ಆಕಾರ ಹಿಡಿದಿಡುವುದು. ಕೊಳೆತ ಆಧಾರ ಮತ್ತು ಹೊಸ್ತಿಲನ್ನು ಕತ್ತರಿಸಿದೊಡನೆ ಕ್ಯಾಬಿನ್ ಜೋಲಬಹುದು. ಅದಕ್ಕೇ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬೆಸೆಯಬೇಕು. ಎರಡೂ ಕಡೆ ಒಟ್ಟಿಗೆ ಕತ್ತರಿಸಬಾರದು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಹಿಡಿಯಬೇಕು.

3. ಕ್ಯಾಬಿನ್ ಎತ್ತುವುದು. ಬೋಲ್ಟ್ ಬಿಚ್ಚಿ, ಜಾಕಿಯ ಮೇಲೆ ಮರದ ದಿಮ್ಮಿ ಇಟ್ಟು, ಭಾರ ಹರಡುವಂತೆ ನಿಧಾನಕ್ಕೆ ಬೇಕಾದಷ್ಟೇ ಎತ್ತಬೇಕು. ಸ್ಟೀರಿಂಗ್ ಶಾಫ್ಟ್, ಬ್ರೇಕ್ ಪೈಪ್, ರೇಡಿಯೇಟರ್ ಹೋಸ್, ಗೇರ್ ಲಿವರ್ ಎಳೆಯದಂತೆ ನೋಡಿಕೊಳ್ಳಬೇಕು.

4. ಕತ್ತರಿಸುವುದು. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ. ಸಾಮಾನ್ಯವಾಗಿ ಕಣ್ಣಿಗೆ ಕಂಡ ತೂತಿಗಿಂತ ಈ ಜಾಗ ಬಹಳ ದೊಡ್ಡದಾಗಿರುತ್ತದೆ. ಇಲ್ಲಿ ಜಿಪುಣತನ ಮಾಡಿದರೆ ಉಳಿದ ಕೆಲಸವೆಲ್ಲ ದಂಡ.

5. ಹೊಸ ತುಂಡು. ಕಂಪನಿಯ ಭಾಗ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಮೂಲ ತಗಡಿನಷ್ಟೇ ದಪ್ಪದ ಶೀಟಿನಲ್ಲಿ ಅದೇ ಮಡಿಕೆ, ಅದೇ ಪೆಟ್ಟಿಗೆ ಆಕಾರ ಬರುವಂತೆ ಮಾಡಬೇಕು. ಬೋಲ್ಟ್ ತೂತಿನ ಜಾಗ ಅಳತೆಗೆ ಸರಿಯಾಗಿ ಕೂರಬೇಕು. ನೀರು ಇಳಿಯುವ ತೂತುಗಳನ್ನು ಮರೆಯಬಾರದು.

6. ವೆಲ್ಡಿಂಗ್. ತೆಳು ತಗಡಿಗೆ ಗ್ಯಾರೇಜುಗಳಲ್ಲಿ ಸಿಓಟು ಎಂದು ಕರೆಯುವ ವೆಲ್ಡಿಂಗ್ ಸೂಕ್ತ. ರಾಡ್ ವೆಲ್ಡಿಂಗ್‌ನ ಬಿಸಿಗೆ ತಗಡು ತೂತಾಗುವುದೇ ಹೆಚ್ಚು. ಒಂದೇ ಸಲಕ್ಕೆ ಉದ್ದ ಗೆರೆ ಎಳೆಯದೆ, ಅಲ್ಲಲ್ಲಿ ಚುಕ್ಕಿ ಇಟ್ಟು, ಆರಲು ಬಿಟ್ಟು, ಆಮೇಲೆ ನಡುವಿನ ಜಾಗ ತುಂಬಬೇಕು. ಅರ್ತ್ ಕ್ಲಾಂಪ್ ಬೆಸುಗೆಯ ಹತ್ತಿರವೇ ಇರಬೇಕು. ಜಿಂಕ್ ಲೇಪನದ ಶೀಟಾದರೆ ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರಬಹುದು. ಅಂಚಿನ ಲೇಪನ ಉಜ್ಜಿ ತೆಗೆದು, ಗಾಳಿಯಾಡುವ ಜಾಗದಲ್ಲಿ ಮಾಡಬೇಕು.

7. ಒಳರಕ್ಷಣೆ. ಅನೇಕರು ಬಿಟ್ಟುಬಿಡುವ ಹಂತ ಇದೇ. ಬೆಸುಗೆಯ ಬಿಸಿಗೆ ಪೆಟ್ಟಿಗೆಯ ಒಳಮೈಯ ಪೇಂಟ್ ಸುಟ್ಟುಹೋಗಿರುತ್ತದೆ. ಹೊರಗೆ ಎಷ್ಟೇ ಚಂದ ಪೇಂಟ್ ಹೊಡೆಸಿದರೂ ತುಕ್ಕು ಒಳಗಿಂದ ಮತ್ತೆ ಶುರುವಾಗುತ್ತದೆ. ಹೊರಗೆ ಪ್ರೈಮರ್, ಕೂಡುವ ಅಂಚುಗಳಿಗೆ ಸೀಲರ್, ಮೇಲೆ ಪೇಂಟ್ ಆದ ಮೇಲೆ, ತೂತುಗಳ ಮೂಲಕ ಉದ್ದ ನಳಿಗೆ ಹಾಕಿ ಒಳಗೆ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಬೇಕು. ಕೊನೆಗೆ ನೀರಿಳಿಯುವ ತೂತುಗಳು ತೆರೆದಿವೆಯೇ ಎಂದು ನೋಡಬೇಕು.

8. ಹೊಸ ಬುಶ್, ಹೊಸ ಬೋಲ್ಟ್. ಹಳೆಯ ಬುಶ್ ಚಪ್ಪಟೆಯಾಗಿರುತ್ತದೆ. ಒಂದನ್ನು ಮಾತ್ರ ಬದಲಿಸಿದರೆ ಕ್ಯಾಬಿನ್ ವಾಲುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಕಂಪನಿ ಹೇಳಿದ ಬಿಗಿತಕ್ಕೆ ಬಿಗಿಯಬೇಕು. ಬಾಗಿಲ ಸಂದುಗಳನ್ನು ಮತ್ತೊಮ್ಮೆ ನೋಡಬೇಕು.

ಯಾವಾಗ ರಿಪೇರಿ ಬೇಡ?

ತುಕ್ಕು ಕ್ಯಾಬಿನ್ ಬದಿಯ ಒಂದೆರಡು ಆಧಾರಗಳಿಗೆ ಸೀಮಿತವಾಗಿದ್ದರೆ ರಿಪೇರಿ ಮಾಡಿಸಬಹುದು. ಚಾಸಿಯ ಉದ್ದ ಕಂಬಿಗಳೇ ಪದರ ಎದ್ದಿದ್ದರೆ ಮಾತು ಬೇರೆ. ಚಾಸಿಗೆ ಹೆಚ್ಚು ಬಲದ ಉಕ್ಕು ಬಳಸಿದ್ದರೆ ತಪ್ಪು ಜಾಗದಲ್ಲಿ ಮಾಡಿದ ವೆಲ್ಡಿಂಗ್‌ನ ಬಿಸಿಯೇ ಅದನ್ನು ದುರ್ಬಲಗೊಳಿಸಬಹುದು. ಕಂಪನಿಯ ಸೂಚನೆ ಇಲ್ಲದೆ ಅದಕ್ಕೆ ಕೈ ಹಾಕಬಾರದು. ಚಾಸಿ, ಬಾಗಿಲ ಕೀಲು ಹಿಡಿದ ಕಂಬ, ಬೆಲ್ಟಿನ ಬುಡ ಎಲ್ಲ ಕಡೆಯೂ ಕೊಳೆತಿದ್ದರೆ ಆ ಗಾಡಿಯನ್ನು ರಸ್ತೆಯಿಂದ ಇಳಿಸುವುದೇ ಸರಿ. ಅಂಥ ಗಾಡಿಗೆ ಪೇಂಟ್ ಹೊಡೆಸಿ ಇನ್ನೊಬ್ಬರಿಗೆ ಮಾರಿದರೆ ಅಪಾಯ ಹೋಗುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೇ.

ಮುಂದೆ ಬಾರದಂತೆ ಏನು ಮಾಡಬಹುದು?

ಸಿಹಿನೀರು ಅಗ್ಗದ ಔಷಧ. ಮೀನಿನ ಲೋಡ್ ಇಳಿಸಿದ ಮೇಲೆ ಮೇಲಿನಿಂದ ಮಾತ್ರವಲ್ಲ, ಅಡಿಯಿಂದಲೂ ತೊಳೆಯಬೇಕು. ಆಧಾರದ ಮೇಲಿನ ಕೆಸರು ಹೋಗಬೇಕು. ಸಂದಿಗಳಿಗೆ ಗಾಳಿಯಾಡಬೇಕು. ಕರಗಿದ ನೀರು ಗಾಡಿಯಡಿಗೆ ಹರಡದಂತೆ ಲೋಡ್ ಬಾಡಿಗೆ ಸರಿಯಾದ ಕೊಳವೆ, ತೊಟ್ಟಿ ಇದ್ದರೆ ರಸ್ತೆಯೂ ಹಾಳಾಗದು, ಗಾಡಿಯೂ ಉಳಿಯುತ್ತದೆ.

ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಹಲವು ಗಾಡಿಗಳಿಗೆ ಆಗ ಕೆಲಸ ಕಡಿಮೆ, ಆದರೆ ತುಕ್ಕಿಗೆ ರಜೆ ಇಲ್ಲ. ಮಳೆಗಾಲದ ತೇವದಲ್ಲಿ ಉಪ್ಪು ಹಿಡಿದ ಗಾಡಿಯನ್ನು ಹಾಗೇ ನಿಲ್ಲಿಸಿದರೆ ಆ ಎರಡು ತಿಂಗಳೂ ಅಡಿ ಕೊಳೆಯುತ್ತಲೇ ಇರುತ್ತದೆ. ಮೇ ಕೊನೆಯ ಬಿಸಿಲಿನಲ್ಲಿ ಅಡಿ ತೊಳೆದು, ಒಣಗಿಸಿ, ತಟ್ಟಿ ನೋಡಿ, ವ್ಯಾಕ್ಸ್ ಹೊಡೆಸಿಟ್ಟರೆ ಆಗಸ್ಟ್‌ನಲ್ಲಿ ಬಂದರಿಗೆ ಹೋಗುವಾಗ ಭರವಸೆಯಿಂದ ಹೋಗಬಹುದು.

ಗ್ಯಾರೇಜಿಗೆ ಹೋದಾಗ ಐದು ಪ್ರಶ್ನೆ ಕೇಳಿ: ಕೊಳೆತದ್ದನ್ನು ಕತ್ತರಿಸುತ್ತೀರೋ, ಮೇಲೆ ಪ್ಲೇಟ್ ಹೊಡೆಯುತ್ತೀರೋ? ಶೀಟಿನ ದಪ್ಪ ಎಷ್ಟು? ಯಾವ ವೆಲ್ಡಿಂಗ್? ಒಳಗೆ ಏನು ಹಚ್ಚುತ್ತೀರಿ? ಪೇಂಟ್‌ಗೆ ಮುಂಚೆ ಬೆಸುಗೆ ತೋರಿಸುತ್ತೀರಾ? ಈ ಐದಕ್ಕೂ ನೇರ ಉತ್ತರ ಕೊಡುವ ಟಿಂಕರ್ ಹೆಚ್ಚು ದಿನ, ಹೆಚ್ಚು ಹಣ ಕೇಳಬಹುದು. ಆದರೆ ಆ ಹಣದಲ್ಲಿ ನಿಮಗೆ ಸಿಗುವುದು ಗಟ್ಟಿ ಕ್ಯಾಬಿನ್. ಮಧ್ಯರಾತ್ರಿ ಲೋಡ್ ಹೊತ್ತು ಘಾಟಿ ಹತ್ತುವ ಡ್ರೈವರ್ ಮತ್ತು ಪಕ್ಕದಲ್ಲಿ ತೂಕಡಿಸುವ ಹುಡುಗ ಇಬ್ಬರೂ ಕೂತಿರುವುದು ಅದರೊಳಗೆ.